ಕನಿಷ್ಠ ನಾಲ್ಕು ಎಂದವರಿಗೆ ಯಲಹಂಕದ ನಮಸ್ಕಾರ

ಯಲಹಂಕ, ೧೯೮೮ರ ರಂಜಾನ್ ತಿಂಗಳು

ಆರ್.ಟಿ. ನಗರದ ಮಹಡಿಯ ಮೇಲೆ ಕುಳಿತು ಕಾರ್ಖಾನೆಗಳ ಹಣೆಬರಹ ಬರೆಯುತ್ತಿರುವ ಸಾಫ್ಟ್‌ವೇರ್ ಕಂಪನಿಯ ಮಾನ್ಯ ವ್ಯವಸ್ಥಾಪಕರೇ,

ತಮಗೂ ತಮ್ಮ ಏರ್ ಕಂಡೀಷನರಿಗೂ ಲೇತ್ ಯಂತ್ರದ ಮುಂದಿನಿಂದ ಸಂಗಪ್ಪನ ಶಿರಸಾಷ್ಟಾಂಗ ನಮಸ್ಕಾರಗಳು. ಯಾರು ಯಾವ ಶಿಫ್ಟಿಗೆ ಬರಬೇಕೆಂಬ ಪಾಳಿಪಟ್ಟಿಯನ್ನು ಇನ್ನು ಮೇಲೆ ಕಂಪ್ಯೂಟರೇ ಬರೆಯುತ್ತದೆಂದು ತಾವು ಹೇಳಿದ್ದೇ ತಡ, ನಮ್ಮ ಮ್ಯಾನೇಜರು ಗೇಟಿನಲ್ಲಿ ಪಾಳಿ ಬರೆಯುತ್ತಿದ್ದ ಕಪ್ಪು ಹಲಗೆಯನ್ನು ಕಿತ್ತು ಹಾಕಿಸಿ, ಕಂಪ್ಯೂಟರ್ ಹೇಳದೆ ಯಾರ ಶಿಫ್ಟೂ ಬದಲಾಗಕೂಡದೆಂದು ಅಪ್ಪಣೆ ಮಾಡಿದರು. ತಮ್ಮ ಪ್ರೋಗ್ರಾಮು ಮಾತ್ರ ಬಂದ ಗಳಿಗೆಯಿಂದ ಹಟ ಹಿಡಿದು ಕೂತಿದೆ: ತಾನು ಕೈಚಾಚಿ ಬಳಸುವ ಸಿದ್ಧ ಸಾಮಗ್ರಿಯ ಲೈಬ್ರರಿ ಕನಿಷ್ಠ ನಾಲ್ಕನೆಯ ಆವೃತ್ತಿಯದೇ ಆಗಿರಬೇಕಂತೆ. ನಮ್ಮಲ್ಲಿರುವುದು ಮೂರನೆಯದು, ನಾಲ್ಕನೆಯದು ನಮ್ಮ ಹಳೆಯ ಕಂಪ್ಯೂಟರಿನಲ್ಲಿ ಹಿಡಿಸುವುದೇ ಇಲ್ಲ. ಹಾಗಾಗಿ ಇವತ್ತಿನವರೆಗೆ ಅದರಿಂದ ಒಂದು ಪಟ್ಟಿಯೂ ಹೊರಬಂದಿಲ್ಲ.

ನಾಲ್ಕರಲ್ಲಿ ಅಂಥದ್ದೇನಿದೆ ಎಂದು, ನೋಡಲು ಬಂದಿದ್ದ ತಮ್ಮ ಪ್ರೋಗ್ರಾಮರ್ ವಾಜಿದ್ ಅವರನ್ನು ಕೇಳಿದೆ. ಪಾಪ, ಸುಳ್ಳು ಬಾರದ ಮನುಷ್ಯ. “ಏನಿಲ್ಲ ಸಾರ್, ಸ್ಕ್ರೀನ್ ಸುತ್ತ ಜೋಡಿ ಗೆರೆ ಬರುತ್ತೆ, ಅಷ್ಟೆ. ನಮ್ ಆಫೀಸಲ್ಲಿ ಇರೋದೇ ನಾಲ್ಕು, ಅದನ್ನೇ ಕನಿಷ್ಠ ಅಂತ ಹಾಕ್ಬಿಟ್ವಿ,” ಎಂದರು. ತಮ್ಮಲ್ಲಿರುವುದೇ ಲೋಕದ ಕನಿಷ್ಠವೆಂದು ತಿಳಿದ ಈ ದೊಡ್ಡ ಮನಸ್ಸಿಗೆ ಏನು ಹೇಳಲಿ ಸ್ವಾಮಿ! ತಾವು ಬಸ್ಸು ಓಡಿಸಿದ್ದರೆ ಸ್ವಂತ ಕಾರಿದ್ದವರನ್ನಷ್ಟೇ ಹತ್ತಿಸಿಕೊಳ್ಳುತ್ತಿದ್ದಿರಿ.

ರಂಜಾನಿನಲ್ಲಿ ನನ್ನ ಬೆಳಗಿನ ಶಿಫ್ಟನ್ನು ಪಕ್ಕದ ಲೇತಿನ ಹಬೀಬುಲ್ಲಾನಿಗೆ ಕೊಟ್ಟು ಅವನ ಸಂಜೆ ಶಿಫ್ಟಿಗೆ ನಾನು ನಿಲ್ಲುವುದು, ಬಸವ ಜಯಂತಿಗೆ ನನ್ನ ಬದಲು ಅವನು ನಿಲ್ಲುವುದು ನಮ್ಮಿಬ್ಬರ ಹಳೆಯ ರೂಢಿ. ಈ ಸಲ ಅವನು ಲೇತಿನ ಪಕ್ಕದಲ್ಲೇ ಖರ್ಜೂರ ಬಾಯಿಗೆ ಹಾಕಿಕೊಂಡು ರೋಜಾ ಉಪವಾಸ ಬಿಡುತ್ತಿದ್ದಾನೆ. ಹುಣಸಮಾರನಹಳ್ಳಿಯಲ್ಲಿ ಅವನ ಮುದಿ ತಾಯಿ ಬದರುನ್ನೀಸಾ ದಿನವಿಡೀ ಉಪವಾಸವಿದ್ದು, ಸಂಜೆ ಒಂದು ಗುಟುಕು ನೀರು ಕುಡಿದು, ಮಗ ಬರುವವರೆಗೆ ತಟ್ಟೆ ಮುಟ್ಟದೆ ಕೂತಿರುತ್ತಾರೆ.

ಆದ್ದರಿಂದ ದಯವಿಟ್ಟು ಆ ಜೋಡಿ ಗೆರೆ ಅಳಿಸಿ ಕನಿಷ್ಠವನ್ನು ಮೂರಕ್ಕೆ ಇಳಿಸಿ. ಅದು ತಮ್ಮ ಘನತೆಗೆ ಕುಂದೆನಿಸಿದರೆ ಸೂರ್ಯನಿಗೇ ನಾಲ್ಕನೆಯ ಆವೃತ್ತಿ ಹಾಕಿಸಿ, ನಮ್ಮ ಸಂಜೆ ಶಿಫ್ಟು ಬಿಟ್ಟ ಮೇಲೆಯೇ ಅವನು ಮುಳುಗುವಂತೆ ಏರ್ಪಾಡು ಮಾಡಿ. ಮ್ಯಾನೇಜರ ಒಪ್ಪಿಗೆಯನ್ನು ನಾನು ಕೊಡಿಸುತ್ತೇನೆ.

ಹುಟ್ಟಿನಿಂದಲೇ ಮೂರನೆಯ ಆವೃತ್ತಿಯವನಾದ,
ತಮ್ಮ ವಿಶ್ವಾಸಿ
ಸಂಗಪ್ಪ

ತಾ.ಕ.: ಕಾದು ಸಾಕಾಗಿ ನಿನ್ನೆ ಕಂಪ್ಯೂಟರಿನ ಹೊದಿಕೆಯ ಮೇಲೆ ಸೀಮೆಸುಣ್ಣದಲ್ಲಿ ನಾನೇ ಪಾಳಿಪಟ್ಟಿ ಬರೆದುಬಿಟ್ಟೆ. ಹಬೀಬುಲ್ಲಾ ಇವತ್ತು ಹೊತ್ತಿರುವಾಗಲೇ ಮನೆ ಸೇರಿದ. ಅದನ್ನು ಒರೆಸಬೇಕೆನಿಸಿದರೆ ತಾವೇ ದಯಮಾಡಿಸಿ ಒರೆಸಿ; ಆಮೇಲೆ ಹುಣಸಮಾರನಹಳ್ಳಿಗೆ ಹೋಗಿ, ನಿಮ್ಮ ಮಗ ನಾಳೆಯಿಂದ ಊಟಕ್ಕೆ ಬರುವುದಿಲ್ಲವೆಂದು ಆ ತಾಯಿಗೆ ತಾವೇ ಹೇಳಿ ಬನ್ನಿ.