ದೂರದ ಒಂದು ಕಿವಿ

ಊರಿನ ಅರ್ಧ ಬಾಗಿಲುಗಳಿಗೆ ಬೀಗ ಕೂರಿಸಿದ ಬೀಗದಣ್ಣನಿಗೆ ನೆರೆಯವರ ಬಾಯಿಗೆ ಬೀಗ ಹಾಕಲು ಮಾತ್ರ ಬರಲಿಲ್ಲ. ಹೆಂಡತಿ ತೀರಿಕೊಂಡ ದಿನದಿಂದ ಓಣಿಯವರು ಸರದಿಯಂತೆ ಬಂದು ಸಮಾಧಾನ ಹೇಳುತ್ತಿದ್ದರು. ಅವನ ದುಃಖವನ್ನೂ ಅವರೇ ಆಡಿ ಮುಗಿಸುತ್ತಿದ್ದರು. ದೇವರ ಮುಂದೆ ಕೂತರೆ ದೇವರೂ ಮೌನ. ಗುರುತಿಲ್ಲದ, ದೂರದ ಯಾರಿಗಾದರೂ ಒಮ್ಮೆ ಎಲ್ಲ ಹೇಳಿಬಿಡಬೇಕೆನಿಸಿತು. ಅಟ್ಟದಲ್ಲಿ ದೂರದೂರದವರೊಡನೆ ಮಾತಾಡಬಹುದಾದ ಹಳೆಯ ಹ್ಯಾಮ್ ರೇಡಿಯೋ ಇತ್ತು, ಲೈಸೆನ್ಸೂ ಇತ್ತು. ಆಂಟೆನಾ ಒಂದಿರಲಿಲ್ಲ.

ಬೆಳಿಗ್ಗೆಯೇ ತಾಮ್ರದ ತಂತಿಯನ್ನು ಅಳೆದು ಎರಡು ಸಮ ತುಂಡು ಮಾಡಿದ. ನಡುವೆ ಪ್ಲಾಸ್ಟಿಕ್ ಚೂರು ಬಿಗಿದು, ಅಲ್ಲಿಂದ ರೇಡಿಯೋಗೆ ವೈರು ಇಳಿಬಿಟ್ಟ. ಇನ್ನು ತಾರಸಿಯಲ್ಲಿ ಎರಡು ಕೋಲುಗಳ ನಡುವೆ ನೆಟ್ಟಗೆ ಎಳೆದರೆ ಮುಗಿಯಿತು.

“ಏನ್ ಬೀಗದಣ್ಣ, ಬಟ್ಟೆ ಒಣಗಿಸೋಕೂ ತಾಮ್ರಾನಾ?” ಕೆಳಮನೆಯ ದರ್ಜಿ ಮೆಟ್ಟಿಲೇರಿ ಬಂದ.

“ರೇಡಿಯೋಗೆ ಕಣಯ್ಯಾ.”

“ನಮ್ಮ ತಲೆ ಮೇಲೆ ಬೇಡಪ್ಪ. ಸಿಡಿಲು ಹೊಡೆದ್ರೆ? ಆ ಕಡೆ ಎಳೀರಿ.”

ಆ ಕಡೆಯ ತಾರಸಿಯಿಂದ ನರ್ಸಮ್ಮ ಕೂಗಿದಳು. “ಇಲ್ಲಿ ನನ್ನ ಬೆಡ್‌ಶೀಟ್ ಒಣಗ್ತಿದೆ. ತಂತಿ ತಾಗಿದ್ರೆ ನಾನೇ ಸೂಜಿ ಚುಚ್ತೀನಿ, ನೋಡಿ!”

ಕೊನೆಗೆ ನೊಂದವನಿಗೆ ನೆರವಾದ ಪುಣ್ಯ ಬರಲೆಂದು ಇಬ್ಬರೂ ಸೇರಿ ತಂತಿಯನ್ನು ಜಗ್ಗಿ, ಬಗ್ಗಿಸಿ, ಓಣಿಯ ಟಿವಿ ಕೇಬಲ್ಲುಗಳ ಗಂಟಿಗೇ ಕಟ್ಟಿದರು. ಆಂಟೆನಾ ಬೆಕ್ಕು ಆಡಿಬಿಟ್ಟ ನೂಲಿನಂತಾಯಿತು.

ಮಧ್ಯಾಹ್ನ ಬಾಗಿಲು ಹಾಕಿಕೊಂಡು ಮೈಕು ಹಿಡಿದ. “ಯಾರಾದ್ರೂ ಇದ್ದೀರಾ?”

ಬರೀ ಗೊರಗೊರ. ಆದರೂ ಹೇಳತೊಡಗಿದ. “ಅವಳ ಚಪ್ಪಲಿ ಇನ್ನೂ ಬಾಗಿಲಲ್ಲೇ ಇದೆ ಸ್ವಾಮಿ. ತೆಗೆಯೋಕೆ ಕೈ ಬರಲ್ಲ. ಅಳೋಣ ಅಂದ್ರೆ ಈ ಜನ ಪುರುಸೊತ್ತು ಕೊಡಲ್ಲ. ದರ್ಜಿ ಭುಜ ತಟ್ತಾ ತಟ್ತಾ ಅಳತೆ ತಗೋತಾನೆ. ಮುಂದೆ ಸಾಯೋನು ನಾನೇ ಅನ್ನೋ ಹಾಗೆ ನರ್ಸಮ್ಮ ನಾಡಿ ಹಿಡೀತಾಳೆ. ಹೆಣ ಕಂಡ ಹದ್ದುಗಳು!”

ಬಾಗಿಲು ದಬದಬ ಸದ್ದು ಮಾಡಿತು. ತೆರೆದರೆ ದರ್ಜಿ, ಅವನ ಹಿಂದೆ ನರ್ಸಮ್ಮ, ಅವಳ ಹಿಂದೆ ಇಡೀ ಓಣಿ.

“ಟಿವೀಲಿ ಧಾರಾವಾಹಿ ನೋಡ್ತಿದ್ವಿ ಬೀಗದಣ್ಣ,” ಎಂದ ದರ್ಜಿ. “ಬಾಯಿ ನಾಯಕೀದು, ಮಾತು ನಿಮ್ದು. ಎಲ್ಲರ ಮನೇಲೂ!”

“ಹದ್ದುಗಳು ಇನ್ನು ಈ ಕಡೆ ಹಾರಲ್ಲ ಬಿಡಿ,” ಎಂದಳು ನರ್ಸಮ್ಮ.

ಓಣಿಯ ಬಾಗಿಲುಗಳು ಒಂದೊಂದಾಗಿ ಮುಚ್ಚಿಕೊಂಡವು. ಅವನು ಬೇಡಿದ ಏಕಾಂತ ಒಮ್ಮೆಗೇ ಸಿಕ್ಕಿತು. ಸಂಜೆಯಾದರೂ ಒಂದು ನರಪಿಳ್ಳೆಯೂ ಇಣುಕಲಿಲ್ಲ. ಮನೆ ಪಾಳು ಬಾವಿಯಂತೆ ಬಾಯಿ ತೆರೆಯಿತು.

ಹೇಗೂ ಟಿವಿಗಳಲ್ಲಿ ಕೇಳುತ್ತದಲ್ಲ ಎಂದು ಮತ್ತೆ ಮೈಕು ಹಿಡಿದ. “ತಪ್ಪಾಯ್ತು ಕಣ್ರಪ್ಪಾ. ಒಬ್ಬನೇ ಇರೋಕೆ ಆಗ್ತಿಲ್ಲ. ಯಾರಾದ್ರೂ ಬನ್ನಿ, ಸುಮ್ಮನೆ ಕೂತು ಹೋಗಿ.”

ಓಣಿಯವರೆಲ್ಲ ಟಿವಿಯ ಪ್ಲಗ್ಗನ್ನೇ ಕಿತ್ತಿಟ್ಟಿದ್ದು ಅವನಿಗೆ ತಿಳಿಯದು. ಬಾಗಿಲನ್ನೇ ನೋಡುತ್ತ ಕೂತ.

ಆಗ ರೇಡಿಯೋ ಗೊರಗುಟ್ಟಿತು. ಆ ಸದ್ದಿನೊಳಗಿಂದ, ಎಂದೂ ಕೇಳದ ಮುದಿದನಿಯೊಂದು ಎದ್ದು ಬಂತು.

“ಕೇಳಿಸ್ತು ಸ್ವಾಮಿ, ಪ್ರತಿ ಮಾತೂ ಕೇಳಿಸ್ತು. ಬಂದು ಕೂರಬೇಕು ಅಂತಾನೇ ಇದೆ. ಏನ್ಮಾಡ್ಲಿ, ನಡುವೆ ಒಂದು ಸಮುದ್ರ ಇದೆಯಲ್ಲ!”