ಹೊಸ ಪ್ರಯೋಗಾಲಯಕ್ಕೆ ಕಾಕಾ ಹಾಲುಕ್ಕಿಸಿದ್ದು

ನಮ್ಮ ಕಾಕಾನಿಗೆ ಕಟ್ಟಡಗಳ ಮೇಲಿರುವಷ್ಟು ನಂಬಿಕೆ ದೇವರ ಮೇಲೂ ಇಲ್ಲ! ಯಾವುದಕ್ಕಾದರೂ ಒಂದು ಕಟ್ಟಡ ಎದ್ದಿತೆಂದರೆ ಆ ಕೆಲಸ ಅಲ್ಲಿಗೆ ಮುಗಿಯಿತು ಎಂದೇ ಅವರ ಲೆಕ್ಕ. ಬೈಲಹೊಂಗಲದ ನಮ್ಮ ಓಣಿಯ ಗರಡಿಮನೆಗೆ ಹೊಸ ಕಟ್ಟಡವಾದ ವರ್ಷ, ಇನ್ನು ಹೊಟ್ಟೆ ಕರಗುತ್ತದೆಂದು ತಮ್ಮ ಅಂಗಿಗಳನ್ನೆಲ್ಲ ದರ್ಜಿಯ ಹತ್ತಿರ ಬಿಗಿ ಮಾಡಿಸಿಕೊಂಡು ಬಂದರು. ಒಳಗೆ ಒಂದು ದಿನವಾದರೂ ಕಾಲಿಟ್ಟರೇ? ಊಹೂಂ. ಕೇಳಿದರೆ, "ದಿನಾ ಅದರ ಮುಂದನ ಹಾದು ಹೋಗತೇನಲ್ಲ" ಎಂದರು. ಗುಂಡಿಗಳು ಒಂದೊಂದಾಗಿ ಹಾರಿಹೋದ ಮೇಲೆ ಅವರ ಹೆಂಡತಿ, ನಮ್ಮ ಚಿಗವ್ವ, ಅಂಗಿಗಳನ್ನೆಲ್ಲ ಬಿಚ್ಚಿ ಮತ್ತೆ ಹೊಲಿದು ಕೊಟ್ಟಳು. ಆಗ ಅವಳ ಕೈಗಳು ನೆಟ್ಟಗಿದ್ದವು.

ಈಗ ನಡುಗುತ್ತವೆ. ಚಹಾದ ಬಸಿ ಹಿಡಿದರೆ ಅರ್ಧ ಚಹಾ ಸೀರೆಯ ಪಾಲು. ಗುಳಿಗೆಯಿಂದ ಕೊಂಚ ತಗ್ಗುತ್ತದೆ, ಪೂರ್ತಿ ಹೋಗುವುದಿಲ್ಲ ಎಂದು ಡಾಕ್ಟರು ಹೇಳಿಬಿಟ್ಟಿದ್ದರು. ಹೆಂಡತಿಯ ಕೈನಡುಕ ನಿಲ್ಲಬೇಕು ಎಂಬುದೊಂದನ್ನು ಬಿಟ್ಟು ಕಾಕಾನಿಗೆ ಬೇರೆ ಯೋಚನೆಯೇ ಉಳಿದಿರಲಿಲ್ಲ.

ಅಷ್ಟರಲ್ಲಿ ನಾನು ಕೆಲಸ ಮಾಡುವ ವಿಶ್ವವಿದ್ಯಾಲಯದಲ್ಲಿ ಹೊಸ ಕಟ್ಟಡವೊಂದು ಏಳತೊಡಗಿತು. ವೈದ್ಯರು, ಎಂಜಿನಿಯರರು, ರಸಾಯನಶಾಸ್ತ್ರದವರು ಒಂದೇ ಸೂರಿನಡಿ ಸೇರಿ ರೋಗಗಳ ಸಂಶೋಧನೆ ನಡೆಸುವ ಕಟ್ಟಡ. ಕೈನಡುಕದ ಮೇಲೂ ಅಲ್ಲಿ ಕೆಲಸ ನಡೆಯುತ್ತದೆ ಎಂದು ಮನೆಯಲ್ಲಿ ನಾನು ಬಾಯಿಬಿಟ್ಟದ್ದೇ ತಡ, ಕಾಕಾ ತಮ್ಮ ಕಾಳುಕಡಿ ವ್ಯಾಪಾರದ ಅಡತಿ ಅಂಗಡಿಯನ್ನು ಗುಮಾಸ್ತನಿಗೆ ಒಪ್ಪಿಸಿ ಬಸ್ಸು ಹಿಡಿದು ಬರತೊಡಗಿದರು. ಧೋತರ ಎತ್ತಿ ಕಟ್ಟಿಕೊಂಡು ಹಸಿ ಗೋಡೆಗಳಿಗೆ ತಾವೇ ನೀರು ಹೊಡೆದರು. ಇವರು ಯಾರೋ ದೊಡ್ಡ ಸಾಹೇಬರೇ ಇರಬೇಕೆಂದು ಗುತ್ತಿಗೆದಾರ ಕುರ್ಚಿ ಹಾಕಿಸಿ ಚಹಾ ತರಿಸಿ ಕೊಟ್ಟ. ನಿಜವಾದ ಸಾಹೇಬರು ಬಂದ ದಿನ ಅವರಿಗೆ ಕೂರಲು ಕುರ್ಚಿ ಇರಲಿಲ್ಲ.

ಎರಡನೆಯ ಅಂತಸ್ತಿನ ಪ್ರಯೋಗಾಲಯ ನೋಡಿ ಮಾತ್ರ ಕಾಕಾ ಗಾಬರಿಯಾದರು. ಆ ತುದಿಯಿಂದ ಈ ತುದಿಯವರೆಗೆ ನಡುವೆ ಒಂದೂ ಗೋಡೆಯಿಲ್ಲ.

"ಯವ್ವಾ, ಗ್ವಾಡಿ ಕಟ್ಟೂದ ಮರತಾರೇನ?"

"ಬೇಕಂತನ ಬಿಟ್ಟಾರ್ರಿ ಕಾಕಾ. ಎಲ್ಲಾರೂ ಎದುರಾ ಬದುರಾ ಕುಂತು ಮಾತಾಡಲಿ ಅಂತ."

"ಹಂಗ ಮಾಡಬ್ಯಾಡ್ರಿ ಅಂತ ಹೇಳು. ನಮ್ಮ ಮನ್ಯಾಗ ಅಣ್ಣತಮ್ಮರ ನಡುವ ಗ್ವಾಡಿ ಎದ್ದ ಮ್ಯಾಲನ ನಾವು ಮಾತಾಡಾಕ ಹತ್ತಿದ್ದು."

ಆ ಗೋಡೆಯ ಆಚೆಗಿದ್ದ ಅಣ್ಣ ನನ್ನ ಅಪ್ಪ. ಮಾತು ಸುಳ್ಳೇನಲ್ಲ.

ಕಟ್ಟಡ ಮುಗಿಯಿತು. ದೊಡ್ಡವರು ಬಂದು ರಿಬ್ಬನ್ ಕತ್ತರಿಸಿ, ಭಾಷಣ ಮಾಡಿ, ಊಟ ಮುಗಿಸಿ ಹೋದರು. ಕಾಕಾ ಮಾತ್ರ ಮುಖ ಗಂಟು ಹಾಕಿಕೊಂಡಿದ್ದರು. "ಹಾಲ ಉಕ್ಕಿಸಲಿಲ್ಲಲ್ಲ ಇವರು. ಹೊಸ ಮನಿ ಹೊಕ್ಕಾಗ ಹಾಲ ಉಕ್ಕಲಿಲ್ಲಂದ್ರ ಅಲ್ಲಿ ಮಾಡಿದ ಔಷಧ ಹೆಂಗ ಹತ್ತಬೇಕ?" ನಾನು ನಕ್ಕು ಸುಮ್ಮನಾದೆ. ನಗಬಾರದಿತ್ತು!

ಕೈನಡುಕದ ಸಂಶೋಧನೆಗೆ ನಾನು ಚಿಗವ್ವನ ಹೆಸರು ಬರೆಸಿದ್ದೆ. ಅವಳನ್ನು ಮೊದಲ ಸಲ ಪರೀಕ್ಷೆಗೆ ಕರೆದ ದಿನ ಕಾಕಾ ದೊಡ್ಡದೊಂದು ಚೀಲ ಹೊತ್ತು ಬಂದರು. ರೊಟ್ಟಿ ಬುತ್ತಿ ಇರಬೇಕೆಂದು ಕಾವಲುಗಾರನೂ ಬಿಟ್ಟ, ನಾನೂ ಬಿಟ್ಟೆ. ಒಳಗೆ ಚಿಗವ್ವನ ಮಣಿಕಟ್ಟಿಗೆ ನಡುಕ ಅಳೆಯುವ ಪಟ್ಟಿ ಕಟ್ಟುತ್ತಿದ್ದರೆ, ಹೊರಗೆ ಪಡಸಾಲೆಯ ಮೂಲೆಯಲ್ಲಿ ಕಾಕಾ ಚೀಲದಿಂದ ಬತ್ತಿ ಸ್ಟೋವು ತೆಗೆದು ಹಚ್ಚಿ ಎಮ್ಮೆಯ ಹಾಲು ಇಟ್ಟಿದ್ದರು. ಹಾಲು ಉಕ್ಕಿತು, ಸೀದಿತು, ಹೊಗೆ ಎದ್ದಿತು. ಬೆಂಕಿಯ ಗಂಟೆ ಇಡೀ ಕಟ್ಟಡದ ಕಿವಿ ಕಿತ್ತುಹೋಗುವಂತೆ ಬಡಿದುಕೊಂಡಿತು. ಬಿಳಿ ಕೋಟಿನವರೆಲ್ಲ ದಡಬಡನೆ ಇಳಿದು ಬೇವಿನ ಮರದ ಕೆಳಗೆ ಗುಂಪುಗೂಡಿದರು.

"ಯಾರ ಕೆಲಸ ಇದು?" ಎಂದು ನಿರ್ದೇಶಕರು ಕೇಳಿದರು.

ಕಾಕಾ ಹಿತ್ತಾಳೆ ಪಾತ್ರೆ ಹಿಡಿದುಕೊಂಡು ಮುಂದೆ ಬಂದರು. "ನಂದರಿ. ಚಿಂತಿ ಮಾಡಬ್ಯಾಡ್ರಿ, ಮೂಡಲ ದಿಕ್ಕಿಗೇ ಉಕ್ಕೇತಿ."

ನಿರ್ದೇಶಕರು ಪಾತ್ರೆಯೊಳಗೆ ಇಣುಕಿ ನೋಡಿದರು. ನಾನು ಕಂಬದ ಮರೆಯಲ್ಲಿ ನಿಂತು, ಈ ಮನುಷ್ಯ ಯಾರೋ ನನಗೆ ಗೊತ್ತೇ ಇಲ್ಲ ಎಂಬಂತೆ ಮುಖ ಮಾಡಿದ್ದೆ. "ನಮ್ಮ ಮಗಳೂ ಇಲ್ಲೇ ನೌಕರಿ ಮಾಡತಾಳ್ರಿ, ಅಗಾ ಅಲ್ಲಿ ನಿಂತಾಳ" ಎಂದು ಕಾಕಾ ನನ್ನತ್ತ ಬೆರಳು ತೋರಿಸಿದರು.

ಹೇಗೋ ಎಲ್ಲ ತಣ್ಣಗಾಗಿ ಮತ್ತೆ ಒಳಗೆ ಹೋದೆವು. ಚಿಗವ್ವನ ಪರೀಕ್ಷೆ ಮುಗಿಸಿದ ತರುಣ ವೈದ್ಯೆಯ ಮುಂದೆ ಕಾಕಾ ಚೀಲದ ಬಾಯಿ ಅಗಲಿಸಿ ಹಿಡಿದರು. "ಔಷಧ ಕೊಡ್ರಿ ಬಾಯಾರ, ಒಯ್ಯತೇವಿ. ಕಟ್ಟಡಂತೂ ಮುಗೀತಲ್ಲ."

ಆಕೆ ಸವದತ್ತಿ ಕಡೆಯವಳು. ಮೆಲ್ಲಗೆ ಹೇಳಿದಳು. "ಔಷಧ ಇನ್ನೂ ಇಲ್ಲರಿ ಅಜ್ಜಾರ. ಇಂಥಾವರ ಕೈ ನೋಡಿ ನಾವು ಈಗ ಕಲಿಯಾಕ ಹತ್ತೇವಿ. ಭಾಳ ವರ್ಷ ಹಿಡೀತೈತಿ. ಸುಳ್ಳ ಯಾಕ ಹೇಳಲಿ, ಇವರಿಗೆ ಸಿಗೂದು ಕಷ್ಟ ಐತಿ. ಮುಂದ ಬರೋರಿಗೆ ಸಿಗಬಹುದು."

ಕಾಕಾ ಅಗಲಿಸಿ ಹಿಡಿದಿದ್ದ ಚೀಲದ ಬಾಯನ್ನು ಮೆಲ್ಲಗೆ ಮಡಚಿದರು. ಅವರು ಎದ್ದು ನಿಂತು, "ನಡಿ, ಮನಿಗೆ ಹೋಗೂಣು" ಎಂದರು ಹೆಂಡತಿಗೆ.

ಚಿಗವ್ವ ಏಳಲಿಲ್ಲ. "ಮನ್ಯಾಗ ಕುಂತ್ರೂ ನಡಗತಾವು, ಇಲ್ಲಿ ಕುಂತ್ರೂ ನಡಗತಾವು. ಇಲ್ಲಿ ನಡಗಿದ್ರ ಯಾರಿಗರೆ ಉಪಯೋಗ ಆದೀತು. ನೀವು ಕುಂದರ್ರಿ."

ಕಾಕಾ ಚೀಲ ಕೆಳಗಿಟ್ಟರು. ಆಮೇಲೆ ಅವಳ ಪಕ್ಕದಲ್ಲಿ ಕೂತು, ಆ ನಡುಗುವ ಕೈಯನ್ನು ತಮ್ಮ ಎರಡೂ ಕೈಗಳಲ್ಲಿ ಹಿಡಿದುಕೊಂಡರು. ನಾಲ್ಕು ಮಂದಿಯ ಮುಂದೆ ಹೆಂಡತಿಯನ್ನು ಹೆಸರು ಹಿಡಿದು ಸಹ ಕರೆದವರಲ್ಲ ಅವರು.

"ಬಾಯಾರ," ಎಂದರು ಕಾಕಾ, "ಇಕಿನ್ನ ಮತ್ತ ಯಾವಾಗ ಕರಕೊಂಡ ಬರಲಿ?"