ಮೇಷ್ಟ್ರ ತೊಟ್ಟಿಯ ಜೇಕು

ಡ್ರಾಯಿಂಗ್ ಮೇಷ್ಟ್ರ ಅತ್ತೆಗೆ ಸುಮ್ಮನೆ ಕೂತು ಅಭ್ಯಾಸವಿಲ್ಲ. ಮಗಳ ಮನೆಗೆ ಬಂದ ಮರುದಿನ ಬೆಳಗ್ಗೆಯೇ ಅಂಗಳದ ಸಿಮೆಂಟ್ ತೊಟ್ಟಿಯಲ್ಲಿದ್ದ ಹುಲ್ಲನ್ನು ಬೇರುಸಹಿತ ಕಿತ್ತು, ಹಿತ್ತಲ ಗೋಡೆಯಾಚೆ ಎಸೆದು, ಅಲ್ಲಿ ಪುದೀನ ನೆಟ್ಟುಬಿಟ್ಟರು.

ಹಲ್ಲುಜ್ಜುತ್ತಾ ಬಂದ ಮೇಷ್ಟ್ರ ಬಾಯಿಂದ ಬ್ರಷ್ ಕೆಳಗೆ ಬಿತ್ತು.

"ಅತ್ತೆ, ಇಲ್ಲಿದ್ದ ಜೇಕು ಎಲ್ಲಿ?"

"ಯಾವ ಜೇಕು? ಕಳೆ ಇತ್ತು, ಕಿತ್ತೆ. ತೊಟ್ಟಿ ತುಂಬ ಕೆಸರು ಬೇರೆ. ನೀರು ಬಸಿಯೋಕೆ ಒಂದು ತೂತೂ ಮಾಡಿದೀನಿ."

ಆ ಕೆಸರೇ ಜೇಕಿನ ಜೀವ. ಗೇಣುದ್ದದ ಈ ಅಪರೂಪದ ಹುಲ್ಲಿಗೆ ಬುಡ ಸದಾ ಒದ್ದೆಯಾಗಿರಬೇಕು, ನೆತ್ತಿಯ ಮೇಲೆ ಬಿಸಿಲಿರಬೇಕು. ಕೆರೆಯ ಅಂಚಿಗೆ ಕಲ್ಲು ಕಟ್ಟಿದಾಗ ಉಳಿದ ಕೊನೆಯ ಹಿಡಿಯನ್ನು ಸಸ್ಯಶಾಸ್ತ್ರದ ಮೇಡಂ ಮೇಷ್ಟ್ರ ಕೈಗಿಟ್ಟಿದ್ದರು. "ನನ್ನ ಪ್ರಾಣ ಹೋದ್ರೂ ಇದನ್ನ ಉಳಿಸ್ತೀನಿ" ಎಂದು ಮೇಷ್ಟ್ರು ಸ್ಟಾಫ್ ರೂಮಿನಲ್ಲಿ ಎಲ್ಲರೆದುರು ಎದೆ ತಟ್ಟಿಕೊಂಡಿದ್ದರು. ಇವತ್ತು ಮಧ್ಯಾಹ್ನ ಮೇಡಂ ಅದನ್ನು ನೋಡಲು ಬರುವವರಿದ್ದರು.

ಪುರಸಭೆಯವರು ಬರುವುದೂ ಇವತ್ತೇ. ಹಿತ್ತಲಾಚೆಯ ಚರಂಡಿಗೆ ಚಪ್ಪಡಿ ಹಾಕಿಸಲು ಮೇಷ್ಟ್ರು ವರ್ಷಗಟ್ಟಲೆ ಅಲೆದು ಚಪ್ಪಲಿ ಸವೆಸಿದ್ದರು. ಆ ನಾತಕ್ಕೆ ಹೆದರಿ ಮಲಗುವ ಕೋಣೆಯ ಕಿಟಕಿ ತೆರೆಯುವುದನ್ನೇ ಮರೆತಿದ್ದರು.

ಈಗ ಪೈಜಾಮ ಮಡಚಿ ಅದೇ ಚರಂಡಿಗೆ ಇಳಿದರು. ಗೋಡೆಗಳ ಮೇಲೆ ಅಕ್ಕಪಕ್ಕದ ತಲೆಗಳು ಮೂಡಿದವು.

"ಏನ್ ಕಳ್ಕೊಂಡ್ರಿ ಮೇಷ್ಟ್ರೇ? ಉಂಗುರಾನಾ?" ಎಂದರು ಎಡಮನೆಯ ನಿವೃತ್ತ ಕಂಡಕ್ಟರು.

"ಹುಲ್ಲು."

"ಅಯ್ಯೋ, ನಿಮ್ಮ ಕಾಲ ಹತ್ರಾನೇ ಬೇಕಾದಷ್ಟಿದೆಯಲ್ಲ!" ಎಂದರು ಬಲಮನೆಯ ಟೈಲರಮ್ಮ.

ಅತ್ತೆ ಎಸೆದದ್ದು ನೀರಿನಲ್ಲಿ ಕೊಚ್ಚಿಹೋಗಿತ್ತು. ಆದರೆ ಚರಂಡಿಯ ಅಂಚಿನುದ್ದಕ್ಕೂ ಅಂಥದ್ದೇ ಯಾವುದೋ ಹುಲ್ಲು ಹುಲುಸಾಗಿ ಬೆಳೆದಿತ್ತು. ಮಧ್ಯಾಹ್ನ ಮೇಡಂ ಜೇಕು ನೋಡಲು ಬರುವುದನ್ನು ಮೇಷ್ಟ್ರು ಗೋಳಾಡಿಕೊಂಡು ಹೇಳಿದರು.

"ಒಂದು ಹಿಡಿ ಕಿತ್ತು ನೆಟ್ಬಿಡಿ. ಮೇಡಂಗೆ ಏನ್ ಗೊತ್ತಾಗುತ್ತೆ? ರೈಟ್!" ಎಂದು ಕಂಡಕ್ಟರು ಅಪ್ಪಣೆ ಕೊಟ್ಟರು.

ಪುದೀನ ಬಕೆಟ್ಟಿಗೆ ಹೋಯಿತು. ತೊಟ್ಟಿಯ ತೂತಿಗೆ ಅತ್ತೆಯ ಹಳೆ ಸೀರೆಯ ಚೂರು ತುರುಕಿದ್ದಾಯಿತು. ಟೈಲರಮ್ಮ ಕತ್ತರಿ ತಂದು ಹಳದಿ ತುದಿಗಳನ್ನು ಸವರಿ ಹುಲ್ಲಿಗೆ ಫಿಟ್ಟಿಂಗ್ ಕೊಟ್ಟರು.

ಮಧ್ಯಾಹ್ನ ಮೇಡಂ ಬಂದರು. ಭೂತಗನ್ನಡಿ ತೆಗೆದು ಬಗ್ಗಿದರು. ದಂಟನ್ನು ಬೆರಳುಗಳ ನಡುವೆ ಹೊರಳಿಸಿದರು. ಮೇಷ್ಟ್ರು ತೂತಿನ ಸೀರೆಚೂರನ್ನು ಕಾಲಿನಿಂದ ಮರೆಮಾಡಿದರು.

"ಮೇಷ್ಟ್ರೇ!" ಮೇಡಂ ಕಣ್ಣಲ್ಲಿ ನೀರು. "ಮೂರು ಅಂಚಿನ ದಂಟು, ಹೂವಿನ ಗೊಂಚಲು, ಎಲ್ಲಾ ಅದೇ! ಎಷ್ಟು ಚೆನ್ನಾಗಿ ಬೆಳೆಸಿದೀರಿ! ಹೇಗೆ?"

ಮೇಷ್ಟ್ರಿಗೆ ಹೋದ ಜೀವ ಬಂದಂತಾಯಿತು. "ಎಲ್ಲಾ ಪ್ರೀತಿಯಿಂದ, ಮೇಡಂ."

ಅಷ್ಟರಲ್ಲಿ ಅತ್ತೆ ಕಾಫಿ ತಂದರು. "ಇವರೆಲ್ಲಿ ಬೆಳೆಸಿದ್ರು ತಾಯಿ! ಬೆಳಗ್ಗೆ ಚರಂಡಿಯಿಂದ ಕಿತ್ಕೊಂಡು ಬಂದ್ರು."

ಮೇಡಂ ಕಾಫಿ ಬಿಟ್ಟು ಹಿತ್ತಲಿಗೆ ಓಡಿದರು. ಅಲ್ಲಿ ಲಾರಿಯಿಂದ ಚಪ್ಪಡಿ ಇಳಿಸುತ್ತಿದ್ದರು.

"ನಿಲ್ಸಿ! ಕೆರೆ ಅಂಚಿಗೆ ಕಲ್ಲು ಹಾಕಿ ಕೊಂದಿದ್ದು ಸಾಲದಾ? ಇಲ್ಲಿ ಒಂದು ಚಪ್ಪಡೀನೂ ಹಾಕಬಾರದು!"

ಪುರಸಭೆಯ ಎಂಜಿನಿಯರು ಮೇಡಂ ಅವರ ಹಳೆ ಶಿಷ್ಯ. ಕೈಕಟ್ಟಿ "ಆಗ್ಲಿ ಮೇಡಂ" ಎಂದ. ಲಾರಿ ತಿರುಗಿತು. ಗೋಡೆಯ ಮೇಲಿನ ತಲೆಗಳು ಮೇಷ್ಟ್ರನ್ನು ನುಂಗುವಂತೆ ನೋಡಿದವು.

"ಮೇಡಂ, ಆದ್ರೆ ಈ ನಾತ..." ಎಂದರು ಮೇಷ್ಟ್ರು.

"ಪ್ರಾಣ ಹೋದ್ರೂ ಉಳಿಸ್ತೀನಿ ಅಂದೋರು ನೀವೇ ಅಲ್ವಾ? ಇನ್ಮೇಲೆ ಕಾವಲು ನಿಮ್ದೇ. ಚರಂಡಿ ಕಡೆ ಇರೋ ಆ ಕಿಟಕಿ ಮಾತ್ರ ಯಾವಾಗ್ಲೂ ತೆರೆದಿಟ್ಟಿರಿ. ಯಾರಾದ್ರೂ ಕೀಳೋಕೆ ಬಂದ್ರೆ ಕಾಣಬೇಕಲ್ಲ."

ಮೇಡಂ ಹೋದ ಮೇಲೆ ಮೇಷ್ಟ್ರು ಮೂಗು ಹಿಡಿದುಕೊಂಡು ಕಿಟಕಿಯ ತುಕ್ಕು ಹಿಡಿದ ಚಿಲಕ ಎಳೆದರು. ಅಂಗಳದಿಂದ ಅತ್ತೆಯ ದನಿ ಕೇಳಿತು.

"ಅಳಿಯಂದ್ರೇ, ಅಲ್ಲೇ ಅಷ್ಟೊಂದು ಇದೆಯಲ್ಲ. ತೊಟ್ಟೀಲಿರೋದು ಕಿತ್ತು ಪುದೀನ ಹಾಕ್ಲಾ?"